ಹಳೆಯ ಅಂಬಾಸಿಡರ್ ವೈರಿಂಗ್: ಬಣ್ಣ ಬದಲಿಸಬೇಡಿ, ದಪ್ಪ ಕಡಿಮೆ ಮಾಡಬೇಡಿ

ಹೆಡ್‌ಲೈಟ್ ಮಂಕು. ಇಂಡಿಕೇಟರ್ ಹಾಕಿದರೆ ಜೊತೆಗೆ ಪಾರ್ಕ್ ಲೈಟೂ ಮಿಣುಗುತ್ತದೆ. ಹಾರ್ನ್ ಒಮ್ಮೆ ಕೂಗಿದರೆ ಇನ್ನೊಮ್ಮೆ ಕೂಗುವುದಿಲ್ಲ. ಹಳೆಯ ಅಂಬಾಸಿಡರ್‌ನಲ್ಲಿ ಇಂಥ ತೊಂದರೆ ಕಂಡಾಗ ಮೊದಲು ನೋಡಬೇಕಾದ್ದು ಅರ್ಥ್, ಅಂದರೆ ಕರೆಂಟು ಗಾಡಿಯ ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿ. ಲೈಟು ಹಚ್ಚಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಗಾಡಿಯ ಬಾಡಿಗೆ ಅರ್ಥ್ ಆಗಿರುವ ಬ್ಯಾಟರಿ ಕಂಬಕ್ಕೆ ಒತ್ತಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಇನ್ನೊಂದನ್ನು ಬಲ್ಬ್ ಹೋಲ್ಡರಿನ ಹಿತ್ತಾಳೆಗೆ ತಾಗಿಸಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಆ ಜಾಗದ ಪೇಂಟು, ತುಕ್ಕು ಕೆರೆದು ಹೊಳೆಯುವ ತಗಡು ಕಾಣಿಸಿ, ಹೊಸ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ.

ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಮರೆಯಬೇಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಪಟ್ಟಿ ಕಿತ್ತುಹೋದರೆ ಸೆಲ್ಫ್ ಮೋಟರಿನ ಕರೆಂಟು ಚೋಕ್ ಕೇಬಲ್ ಹಿಡಿದು ವಾಪಸಾಗುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಬಿಸಿಯಾಗಿದ್ದರೆ ಬೇರೇನೂ ಹುಡುಕುವುದು ಬೇಡ, ಆ ಪಟ್ಟಿ ಹಾಕಿ.

ಅರ್ಥ್ ಎಲ್ಲಾ ಸರಿಯಿದ್ದೂ ತೊಂದರೆ ಉಳಿದರೆ ಬಾನೆಟ್ ಕೆಳಗಿನ ಒಂದು ವೈರನ್ನು ಬಗ್ಗಿಸಿ ನೋಡಿ. ಮೇಲಿನ ಪಿವಿಸಿ ಚಟಚಟ ಒಡೆದರೆ, ಸುಲಿದಾಗ ಒಳಗಿನ ತಾಮ್ರ ಕಪ್ಪಗಿದ್ದರೆ ಆ ವೈರಿಂಗ್ ಕಟ್ಟಿನ (ಹಾರ್ನೆಸ್) ಆಯಸ್ಸು ಮುಗಿದಿದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಲಗ್ ಒತ್ತಿ ಕ್ರಿಂಪ್ ಮಾಡಿದರೂ ಒಳಗೇ ಬಿಸಿಯಾಗುತ್ತದೆ. ಅದರ ಮೇಲೆ ಟೇಪು ಸುತ್ತಿ ಜಾಯಿಂಟ್ ಮೇಲೆ ಜಾಯಿಂಟ್ ಕೊಡುವುದು ಬೆಂಕಿಗೆ ದಾರಿ. ಪೂರ್ತಿ ಕಟ್ಟನ್ನೇ ಬದಲಿಸಿ.

ಬದಲಿಸುವಾಗ ಕಂಪನಿಯ ಬಣ್ಣಗಳನ್ನು ಹಾಗೇ ಉಳಿಸಿ. ಅಂಬಾಸಿಡರ್ ಬಂದದ್ದು ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಹಾಗಾಗಿ ಇದರ ವೈರಿಂಗ್ ಗಾಡಿಯ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ಪದ್ಧತಿಯದು. ಎರಡು ಬಣ್ಣ ಹೇಳಿದ ಕಡೆ ಮೊದಲನೆಯದು ವೈರಿನ ಮೂಲ ಬಣ್ಣ, ಎರಡನೆಯದು ಅದರ ಮೇಲಿನ ಗೆರೆ. ಕಂದು ಬ್ಯಾಟರಿಯಿಂದ ನೇರ ಬರುವ ಲೈನ್, ಅದಕ್ಕೆ ಫ್ಯೂಸ್ ಇಲ್ಲ. ಬಿಳಿ ಇಗ್ನಿಷನ್ ಕೀ ದಾಟಿ ಬಂದದ್ದು. ಅದೇ ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ. ನೇರಳೆಯಲ್ಲಿ ಫ್ಯೂಸ್ ಮೂಲಕ ಸದಾ ಕರೆಂಟಿರುತ್ತದೆ. ಹೆಡ್‌ಲೈಟ್ ಸ್ವಿಚ್ಚಿನಿಂದ ನೀಲಿ ಹೊರಡುತ್ತದೆ, ಡಿಪ್ಪರ್ ದಾಟಿದ ಮೇಲೆ ನೀಲಿ-ಬಿಳಿ ಬ್ರೈಟ್, ನೀಲಿ-ಕೆಂಪು ಡಿಮ್. ಪಾರ್ಕ್ ಮತ್ತು ಹಿಂದಿನ ಲೈಟಿಗೆ ಕೆಂಪು. ಎಡ ಇಂಡಿಕೇಟರ್ ಹಸಿರು-ಕೆಂಪು, ಬಲ ಹಸಿರು-ಬಿಳಿ, ಬ್ರೇಕ್ ಲೈಟ್ ಹಸಿರು-ನೇರಳೆ. ಇಗ್ನಿಷನ್ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬಿಳಿ-ಕಪ್ಪು. ಅರ್ಥ್ ಬರೀ ಕಪ್ಪು. ಇಷ್ಟು ಗೊತ್ತಿದ್ದರೆ ಯಾವ ಊರಿನ ಎಲೆಕ್ಟ್ರಿಷಿಯನ್ ಆದರೂ ಗಾಡಿಯನ್ನು ಓದಬಲ್ಲ. ಎಲ್ಲದಕ್ಕೂ ಕೆಂಪು ವೈರ್ ಎಳೆದ ಗಾಡಿಯಲ್ಲಿ ಒಂದು ಬ್ರೇಕ್ ಲೈಟ್ ಹುಡುಕಲೂ ಅರ್ಧ ದಿನ ಬೇಕು. ಆದರೆ ಇಷ್ಟು ವರ್ಷದಲ್ಲಿ ಎಷ್ಟೋ ಕೈ ಬಿದ್ದಿರುತ್ತದೆ, ಬಣ್ಣ ನಂಬುವ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಇನ್ನೂ ಮುಖ್ಯವಾಗಿ, ತೀರಾ ಹಳೆಯ ಗಾಡಿಯಾದರೆ ಬಾಡಿಗೆ ಹೋಗಿರುವುದು ಬ್ಯಾಟರಿಯ ಪಾಸಿಟಿವ್ವೋ ನೆಗೆಟಿವ್ವೋ ನೋಡಿ. ಆ ಕಾಲದ ಬ್ರಿಟಿಷ್ ವಿನ್ಯಾಸಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯ.

ದಪ್ಪದ ಲೆಕ್ಕ ಹೀಗೆ. 0.30 ಮಿಮೀ ಎಳೆಗಳು 14 ಇದ್ದರೆ 1 ಚದರ ಮಿಮೀ, ಸುಮಾರು 8.75 ಆಂಪ್ ತಡೆಯುತ್ತದೆ. ಪಾರ್ಕ್, ಇಂಡಿಕೇಟರ್, ಬ್ರೇಕ್ ಲೈಟಿಗೆ ಇದು ಸಾಕು. 28 ಎಳೆ ಅಂದರೆ 2 ಚದರ ಮಿಮೀ, 17.5 ಆಂಪ್: ಹೆಡ್‌ಲೈಟ್, ಹಾರ್ನ್. 44 ಎಳೆ 3 ಚದರ ಮಿಮೀ, 27.5 ಆಂಪ್: ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಡೈನಮೋ ಇರುವ ಗಾಡಿಯ ಕಂದು ಲೈನ್. ಡೈನಮೋ ತೆಗೆದು ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಕೂರಿಸಿದ್ದರೆ ಈ ಕಂದು ವೈರ್ ಸಾಲದು, 84 ಎಳೆಯ 6 ಚದರ ಮಿಮೀ ಎಳೆಯಲೇಬೇಕು. ಆಲ್ಟರ್ನೇಟರ್ ಹಾಕಿ ವೈರ್ ಹಾಗೇ ಬಿಟ್ಟ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಸುಟ್ಟ ವಾಸನೆ ಬರುವುದು ಇದರಿಂದಲೇ. ಅಂಗಡಿಯಲ್ಲಿ ವೈರ್ ಕೊಳ್ಳುವಾಗ ತುದಿ ಸುಲಿಸಿ ಎಳೆ ಎಣಿಸಿ. ಹೊರಗಿನ ಪಿವಿಸಿ ದಪ್ಪ, ಒಳಗೆ ತಾಮ್ರ ತೆಳು ಎಂಬ ಮಾಲು ಬೇಕಾದಷ್ಟಿದೆ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೂಡ ಬರುತ್ತದೆ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಫ್ಯೂಸಿನಲ್ಲಿ ಒಂದು ಅಪಾಯ ಅಡಗಿದೆ. ಹಳೆಯ ಲ್ಯೂಕಾಸ್ ಗಾಜಿನ ಫ್ಯೂಸ್ ಮೇಲೆ 35 ಎಂದಿದ್ದರೆ ಅದು ಸುಡುವ ಆಂಪ್. ನಿರಂತರ ತಡೆಯುವುದು ಅದರ ಅರ್ಧದಷ್ಟು, 17 ಆಂಪ್. ಈಗಿನ ಬಹುತೇಕ ಫ್ಯೂಸುಗಳ ಮೇಲೆ ಬರೆದಿರುವುದು ನಿರಂತರ ಆಂಪ್. ಹಳೆಯದರ ಜಾಗಕ್ಕೆ ಹೊಸ 35 ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. 15 ಹಾಕಿ. ಅದು ಹೋಗುತ್ತಲೇ ಇದ್ದರೆ ಕಾರಣ ಹುಡುಕಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಬೇಡಿ. ಕಂದು ಲೈನಿಗೆ ಕಂಪನಿ ಫ್ಯೂಸ್ ಕೊಟ್ಟಿಲ್ಲ, ನೀವು ಕೊಡಿ. ಸೆಲ್ಫ್ ಕೇಬಲ್ ಬಿಟ್ಟು, ಸಾಲಿನಾಯ್ಡಿನಿಂದ (ಸೆಲ್ಫ್ ಮೋಟರಿಗೆ ಕರೆಂಟು ಕೊಡುವ ಸ್ವಿಚ್) ಗಾಡಿಯೊಳಗೆ ಹೋಗುವ ಕಂದು ವೈರಿನ ಆರಂಭದಲ್ಲೇ ವೈರಿನ ತಾಕತ್ತಿಗೆ ಹೊಂದುವ ಒಂದು ದೊಡ್ಡ ಫ್ಯೂಸ್: 3 ಚದರ ಮಿಮೀಗೆ 25 ಆಂಪ್, 6ಕ್ಕೆ 40.

ಹಳೆಯ ಕಟ್ಟನ್ನು ಕತ್ತರಿಸದೆ ಇಡಿಯಾಗಿ ಎಳೆದು ತೆಗೆಯಿರಿ. ಬಿಚ್ಚುವ ಮೊದಲೇ ಪ್ರತಿ ತುದಿಗೂ ಪೇಪರ್ ಟೇಪ್ ಅಂಟಿಸಿ ಎಲ್ಲಿಯದೆಂದು ಬರೆಯಿರಿ. ಪ್ಲೈವುಡ್ ಹಲಗೆಯ ಮೇಲೆ ಹರಡಿ, ಕವಲು ಒಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದೇ ದಾರಿಯಲ್ಲಿ ಹೊಸ ವೈರ್ ಎಳೆಯಿರಿ. ಪ್ರತಿ ತುದಿಗೆ ಒಂದು ಗೇಣು ಹೆಚ್ಚು ಬಿಡಿ. ಲಗ್ ಒತ್ತಲು ಗಟ್ಟಿಯಾಗಿ ಕಚ್ಚಿ ಹಿಡಿಯುವ ರ‍್ಯಾಚೆಟ್ ಕ್ರಿಂಪರ್ ಬಳಸಿ. ಸಾದಾ ಇಕ್ಕಳದಲ್ಲಿ ಒತ್ತಿದ ಲಗ್ ಆರು ತಿಂಗಳಲ್ಲಿ ಸಡಿಲ. ಬೆಸುಗೆ ಹಾಕಿದರೆ ಅದು ಮುಗಿಯುವ ಕಡೆ ವೈರ್ ಗಡುಸಾಗಿ ಅದುರುವಿಕೆಗೆ ಮುರಿಯುತ್ತದೆ, ಅಲ್ಲಿ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ) ಕಡ್ಡಾಯ. ಸುತ್ತಲು ಮಾಮೂಲಿ ಇನ್ಸುಲೇಷನ್ ಟೇಪ್ ಬೇಡ, ಬಾನೆಟ್ ಬಿಸಿಗೆ ಗೋಂದು ಕರಗಿ ಜಿಗುಟಾಗುತ್ತದೆ. ಗೋಂದಿಲ್ಲದ ಪಿವಿಸಿ ಟೇಪ್ ಅಥವಾ ಬಟ್ಟೆಯ ಹಾರ್ನೆಸ್ ಟೇಪನ್ನು ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ. ತಗಡು ದಾಟುವ ಪ್ರತಿ ತೂತಿಗೂ ಹೊಸ ಗ್ರಾಮೆಟ್ (ರಬ್ಬರ್ ಬಳೆ) ಹಾಕಿ.

ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಕೊಡಿ, ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. 60/55 ವಾಟಿನ ಜೋಡಿ ಬಲ್ಬ್ ಬ್ರೈಟಿನಲ್ಲಿ 10 ಆಂಪ್ ಎಳೆಯುತ್ತದೆ. ಅಷ್ಟೂ ಕರೆಂಟು ಹಳೆಯ ಸ್ವಿಚ್, ಡಿಪ್ಪರ್ ಸುತ್ತಿ ಬರುವಾಗ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗಬಹುದು. ವೋಲ್ಟೇಜ್ ಹತ್ತು ಭಾಗದಲ್ಲಿ ಒಂದು ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ರಿಲೇಯ 30 ನಂಬರಿನ ಪಿನ್ನಿಗೆ ಬ್ಯಾಟರಿಯಿಂದ 20 ಆಂಪ್ ಫ್ಯೂಸ್ ಮೂಲಕ 2.5 ಚದರ ಮಿಮೀ ವೈರ್, 87ನೇ ಪಿನ್ನಿನಿಂದ ಬಲ್ಬಿಗೆ, 85 ಅರ್ಥ್‌ಗೆ, 86ಕ್ಕೆ ಹಳೆಯ ನೀಲಿ-ಬಿಳಿ. ಇನ್ನೊಂದು ರಿಲೇಗೆ ನೀಲಿ-ಕೆಂಪು. ಡೈನಮೋ ಗಾಡಿಗೆ 100 ವಾಟ್ ಬಲ್ಬ್ ಖಂಡಿತ ಬೇಡ. ಡೈನಮೋ ಕೊಡುವುದೇ ಸುಮಾರು 20 ಆಂಪ್, ರಾತ್ರಿ ಬ್ಯಾಟರಿ ಬರಿದಾಗುತ್ತದೆ.

ಸಾಮಾನಿಗೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಮೊದಲ ಜಾಗ. ವೈರ್, ರಿಲೇ, ಲಗ್, ಸ್ಲೀವ್, ಫ್ಲ್ಯಾಷರ್ ಅಲ್ಲೇ ಮುಗಿಯುತ್ತದೆ. ಮೀಟರ್, ಹೀಟ್ ಶ್ರಿಂಕ್, ಕ್ರಿಂಪರ್‌ಗೆ ಎಸ್.ಪಿ. ರಸ್ತೆ. ಹಳೆಯ ಸ್ವಿಚ್, ಕಟೌಟ್ (ಡೈನಮೋ ಚಾರ್ಜನ್ನು ಹಿಡಿತದಲ್ಲಿಡುವ ಡಬ್ಬಿ), ಡ್ಯಾಶ್‌ಬೋರ್ಡ್ ಮೀಟರಿಗೆ ಶಿವಾಜಿನಗರದ ಗುಜರಿ, ಅಲ್ಲಿಲ್ಲದಿದ್ದರೆ ಚೆನ್ನೈನ ಪುದುಪೇಟೆ ಅಥವಾ ಕೋಲ್ಕತ್ತಾದ ಮಲ್ಲಿಕ್ ಬಜಾರ್. ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 2014ರವರೆಗೂ ಗಾಡಿ ತಯಾರಾಗುತ್ತಿದ್ದರಿಂದ ಬಂಗಾಳದ ಕಡೆ ಸಾಮಾನು ಇನ್ನೂ ಓಡಾಡುತ್ತದೆ. ರೆಡಿ ವೈರಿಂಗ್ ಸೆಟ್ ಸಿಕ್ಕರೆ ಹಣ ಕೊಡುವ ಮೊದಲು ನಿಮ್ಮ ಮಾಡೆಲ್ಲಿನದೇ ಎಂದು ಹಳೆಯದರ ಪಕ್ಕ ಹಿಡಿದು ನೋಡಿ, ಮಾರ್ಕ್ 2 ಮತ್ತು ಮಾರ್ಕ್ 4ಕ್ಕೆ ಕವಲುಗಳು ಕೂಡುವುದಿಲ್ಲ. ಗೆರೆಯಿರುವ ವೈರ್ ಸಿಗದಿದ್ದರೆ ಮೂಲ ಬಣ್ಣದ ವೈರ್ ತಂದು ಎರಡೂ ತುದಿಗೆ ಗೆರೆಯ ಬಣ್ಣದ ಸ್ಲೀವ್ ಹಾಕಿ. ಗುಜರಿ ಸ್ವಿಚ್ಚನ್ನು ಮೀಟರಿನಲ್ಲಿ ನೋಡಿದರೆ ಸಾಲದು, ಒಂದು ಹೆಡ್‌ಲೈಟ್ ಬಲ್ಬ್ ಉರಿಸಿ ಐದು ನಿಮಿಷ ಬಿಟ್ಟು ಮುಟ್ಟಿ ನೋಡಿ. ಬಿಸಿಯಿದ್ದರೆ ಬೇಡ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿಯನ್ನು ನೇರ ಕೊಡಬೇಡಿ. ಅರ್ಥ್ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿ ಕಂಬಕ್ಕೂ ನಡುವೆ 21 ವಾಟಿನ ಬ್ರೇಕ್ ಬಲ್ಬ್ ಕೊಡಿ. ಕೀ ಆಫ್, ಬಾಗಿಲು ಮುಚ್ಚಿ. ಬಲ್ಬ್ ಉರಿಯಬಾರದು. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೂ ಬಲ್ಬ್ ಎರಡು ಆಂಪ್ ಕೂಡ ದಾಟಲು ಬಿಡದ ಕಾರಣ ಹೊಸ ವೈರ್ ಸುಡುವುದಿಲ್ಲ, ನಿಧಾನವಾಗಿ ಒಂದೊಂದೇ ಕನೆಕ್ಟರ್ ಕಳಚುತ್ತ ಬಂದರೆ ಬಲ್ಬ್ ಆರುವ ಕಡೆ ದೋಷ ಸಿಗುತ್ತದೆ. ಆಮೇಲೆ ನೇರ ಕೊಟ್ಟು, ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಅರ್ಧ ಗಂಟೆ ಉರಿಸಿ, ಫ್ಯೂಸ್ ಬಾಕ್ಸ್, ರಿಲೇ, ಕನೆಕ್ಟರ್ ಎಲ್ಲವನ್ನೂ ಕೈಯಲ್ಲಿ ಮುಟ್ಟಿ. ಬಿಸಿಯಾದ ಜಾಯಿಂಟನ್ನು ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.