ಹೌಸ್ಟನ್ ಬೀದಿಯ ಪಾಸ್ಟ್ರಾಮಿ

ನ್ಯೂಯಾರ್ಕಿನಲ್ಲಿ ಪಾಸ್ಟ್ರಾಮಿ (ಉಪ್ಪು, ಮಸಾಲೆ ಹಿಡಿಸಿ ಹೊಗೆಯಾಡಿಸಿದ ಗೋಮಾಂಸ) ಸ್ಯಾಂಡ್‌ವಿಚ್ ತಿನ್ನಬೇಕೆಂದು ಹೊರಟವರು ದಾರಿಗಾಗಿ ಪರದಾಡಬೇಕಿಲ್ಲ. ಎಫ್ ರೈಲಿನಲ್ಲಿ ಬಂದು ಸೆಕೆಂಡ್ ಅವೆನ್ಯೂ ನಿಲ್ದಾಣದಲ್ಲಿ ಇಳಿದು, ಈಸ್ಟ್ ಹೌಸ್ಟನ್ ಬೀದಿಯ ದಕ್ಷಿಣದ ಪಾದಚಾರಿ ಮಾರ್ಗವನ್ನು ಹಿಡಿದು ಪೂರ್ವಕ್ಕೆ ನಡೆದರೆ, ಲಡ್ಲೋ ಬೀದಿ ಕೂಡುವ ಮೂಲೆಯಲ್ಲಿ ಕಾಟ್ಜ್ ಡೆಲಿಕಟೆಸನ್ ಎಂಬ ಊಟದ ಅಂಗಡಿ ಸಿಗುತ್ತದೆ. ದಾರಿಯಲ್ಲಿ ಮೊದಲು ಎದುರಾಗುವುದು ಯೋನಾ ಶಿಮ್ಮೆಲ್ ಅವರ ಹೆಸರಿನ ಹಳೆಯ ಕ್ನಿಶ್ (ಹೂರಣ ತುಂಬಿದ ಹಿಟ್ಟಿನ ತಿಂಡಿ) ಬೇಕರಿ. ಅದನ್ನು ದಾಟಿದರೆ ಉಪ್ಪು ಹಾಕಿದ ಮತ್ತು ಹೊಗೆಯಾಡಿಸಿದ ಮೀನಿಗೆ ಹೆಸರಾದ, 1914ರಲ್ಲಿ ಆರಂಭವಾದ ರಸ್ ಅಂಡ್ ಡಾಟರ್ಸ್. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ 1924ರ ಕಟ್ಟುನಿಟ್ಟಿನ ವಲಸೆ ಕಾಯಿದೆಯವರೆಗೆ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳಲ್ಲಿ ದೊಡ್ಡದೊಂದು ಪಾಲು ಮೊದಲು ಬೀಡುಬಿಟ್ಟದ್ದು ಈ ಲೋವರ್ ಈಸ್ಟ್ ಸೈಡ್ ಬಡಾವಣೆಯಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳು ಬೇರೆಡೆ ಮನೆ ಮಾಡಿ ಹೋದರೂ ಅಂಗಡಿಗಳಲ್ಲಿ ಕೆಲವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಕಾಟ್ಜ್ ತನ್ನ ಆರಂಭವನ್ನು 1888ಕ್ಕೆ ಒಯ್ಯುತ್ತದೆ. ಐಸ್‌ಲ್ಯಾಂಡ್ ಎಂಬ ಮನೆತನದ ಹೆಸರಿನ ಸಹೋದರರು ತೆರೆದಿದ್ದ ಅಂಗಡಿಗೆ 1903ರಲ್ಲಿ ವಿಲ್ಲಿ ಕಾಟ್ಜ್ ಪಾಲುದಾರರಾಗಿ ಸೇರಿಕೊಂಡರು. ಕೆಲವು ವರ್ಷಗಳಲ್ಲಿ ಅದು ಪೂರ್ತಿಯಾಗಿ ಕಾಟ್ಜ್ ಕುಟುಂಬದ ಕೈಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಲೀಕರ ಗಂಡುಮಕ್ಕಳು ಸೈನ್ಯದಲ್ಲಿದ್ದಾಗ, ಸೇನೆಯಲ್ಲಿರುವ ನಿಮ್ಮ ಹುಡುಗನಿಗೆ ಒಂದು ಸಲಾಮಿ ಕಳುಹಿಸಿ ಎಂಬ ಘೋಷಣೆ ಹುಟ್ಟಿತು (ಸಲಾಮಿ ಎಂದರೆ ಮಸಾಲೆ ಬೆರೆಸಿದ ಮಾಂಸದ ಸಾಸೇಜ್). ಅದರ ಫಲಕ ಇಂದಿಗೂ ಅಲ್ಲಿ ತೂಗುತ್ತಿದೆ.

ಒಳಗೆ ಕಾಲಿಡುತ್ತಲೇ ಪ್ರತಿಯೊಬ್ಬರ ಕೈಗೂ ಒಂದೊಂದು ಚೀಟಿ ಬರುತ್ತದೆ. ತಿಂದದ್ದನ್ನೆಲ್ಲ ಆಯಾ ಕೌಂಟರಿನವರು ಆ ಚೀಟಿಯ ಮೇಲೆ ಬರೆದುಕೊಡುತ್ತಾರೆ. ಹೊರಡುವಾಗ ಅದನ್ನು ತೋರಿಸಿ ಹಣ ಕಟ್ಟಬೇಕು. ಏನನ್ನೂ ಕೊಳ್ಳದವರೂ ಖಾಲಿ ಚೀಟಿಯನ್ನು ಒಪ್ಪಿಸಿಯೇ ಹೊರಬೀಳಬೇಕು. ಕಳೆದುಕೊಂಡವರಿಗೆ 50 ಡಾಲರ್ ದಂಡ. ಗೋಡೆಯ ಬದಿಯ ಮೇಜುಗಳಲ್ಲಿ ಕುಳಿತರೆ ಪರಿಚಾರಕರೇ ಬಂದು ಕೇಳಿ ತಂದುಕೊಡುವ ವ್ಯವಸ್ಥೆಯೂ ಇದೆ. ಆದರೆ ಇಷ್ಟು ದೂರ ಬಂದು ಕುಳಿತಲ್ಲಿಗೇ ತರಿಸಿಕೊಳ್ಳುವವರು ಈ ಊಟದ ಅರ್ಧ ಸೊಗಸನ್ನು ಬಿಟ್ಟುಕೊಟ್ಟಂತೆಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೋಡಬೇಕಾದದ್ದೆಲ್ಲ ನಡೆಯುವುದು ಮಾಂಸ ಕತ್ತರಿಸುವವರ ಕೌಂಟರಿನಲ್ಲಿ.

ನಮ್ಮ ಸಾಲಿನ ಮುಂದಿದ್ದ ಕತ್ತರಿಸುವವರು ಹಬೆಯ ಪೆಟ್ಟಿಗೆಯಿಂದ ಕಪ್ಪು ಹೊರಪದರದ ದೊಡ್ಡದೊಂದು ಮಾಂಸದ ತುಂಡನ್ನು ಮುಳ್ಳುಚಮಚದಿಂದ ಎತ್ತಿ ಹಲಗೆಯ ಮೇಲಿಟ್ಟರು, ಅಂಚನ್ನು ಸವರಿ ತೆಗೆದರು, ಎಳೆಗಳು ಯಾವ ಕಡೆಗೆ ಓಡುತ್ತವೆಂದು ಒಂದು ಕ್ಷಣ ನೋಡಿ ಅವುಗಳಿಗೆ ಅಡ್ಡವಾಗಿ ಚಾಕು ಹಾಯಿಸತೊಡಗಿದರು. ಮೊದಲ ಚೂರುಗಳನ್ನು ಸಣ್ಣ ತಟ್ಟೆಯಲ್ಲಿಟ್ಟು ರುಚಿ ನೋಡಲೆಂದು ನನ್ನತ್ತ ತಳ್ಳಿದರು. ಇದು ಅಲ್ಲಿಯ ಪದ್ಧತಿ. ಪ್ರತಿಯಾಗಿ ಕೌಂಟರಿನ ಮೇಲಿನ ಲೋಟಕ್ಕೆ ಒಂದೆರಡು ಡಾಲರ್ ಹಾಕುವುದೂ ಪದ್ಧತಿ. ಕೊಬ್ಬು ಕಡಿಮೆ ಇರಲೆಂದು ಕೇಳುವವರಿಗೆ ಹಾಗೆಯೇ ಆರಿಸಿ ಕೊಡುತ್ತಾರೆ. ನಾನು ಕೊಬ್ಬಿರುವುದನ್ನೇ ಕೇಳಿದೆ. ಕೊಬ್ಬಿಲ್ಲದ ಪಾಸ್ಟ್ರಾಮಿ ಒಣಗಿ ನಾರಾಗುತ್ತದೆ, ಅದಕ್ಕೆ ಹಣ ತೆರುವುದರಲ್ಲಿ ಅರ್ಥವಿಲ್ಲ.

ಯಂತ್ರವಿಲ್ಲದೆ ಕೈಯಿಂದಲೇ ಕತ್ತರಿಸುವುದು ಹಳೆಯ ಕಾಲವನ್ನು ನೆನಪಿಸುವ ಪ್ರದರ್ಶನಕ್ಕಲ್ಲ. ಸರಿಯಾಗಿ ಬೆಂದ ಪಾಸ್ಟ್ರಾಮಿ ಬಿಸಿಯಾಗಿರುವಾಗ ಎಷ್ಟು ಮೆತ್ತಗಿರುತ್ತದೆಂದರೆ, ತಿರುಗುವ ಅಲಗಿಗೆ ಕೊಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಯಂತ್ರಕ್ಕೆ ಕೊಡಬೇಕಾದರೆ ಅದನ್ನು ತಣಿಸಿ ಗಟ್ಟಿಯಾಗಿಸಲೇಬೇಕು. ಬಿಸಿಯಾಗಿ, ದಪ್ಪನಾಗಿ ಬಡಿಸಬೇಕೆಂದರೆ ಪ್ರತಿ ತುಂಡಿನ ಗುಣವನ್ನು ಅರಿತು ಒತ್ತಡವನ್ನು ಬದಲಿಸಬಲ್ಲ ಕೈಯೇ ಬೇಕು. ಒಂದು ಸ್ಯಾಂಡ್‌ವಿಚ್ಚಿಗೆ 30 ಡಾಲರಿನ ಆಸುಪಾಸಿನ ಬೆಲೆಯನ್ನು ಕಂಡು ಹುಬ್ಬೇರಿಸಿದ್ದ ನಾನು, ಆ ಚಾಕುವಿನ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಚೌಕಾಶಿಯ ಮಾತನ್ನು ಮನಸ್ಸಿನಲ್ಲೂ ಎತ್ತಲಿಲ್ಲ.

ಆ ಬೆಲೆಯಲ್ಲಿ ಸೇರಿರುವ ಇನ್ನೊಂದು ವಸ್ತುವೆಂದರೆ ಕಾಲ. ಮಾಂಸವನ್ನು ಉಪ್ಪು, ಸಾಂಬಾರ ಪದಾರ್ಥಗಳಲ್ಲಿ ವಾರಗಟ್ಟಲೆ ನೆನೆಸಿಟ್ಟು, ಕೊತ್ತಂಬರಿ ಬೀಜ, ಕರಿಮೆಣಸು, ಬೆಳ್ಳುಳ್ಳಿಯನ್ನು ಒತ್ತಾಗಿ ಮೆತ್ತಿ, ಸಣ್ಣ ಶಾಖದಲ್ಲಿ ಹೊಗೆಯಾಡಿಸಿ, ಬೇಯಿಸಿ, ಕೊನೆಗೆ ಹಬೆಯಲ್ಲಿಟ್ಟು ಮೆದುಗೊಳಿಸುತ್ತಾರೆ. ಬೆಂದ ಮೇಲೂ ಅದರ ಬಣ್ಣ ಗುಲಾಬಿಯಾಗಿಯೇ ಉಳಿಯುವುದಕ್ಕೆ ಉಪ್ಪಿನ ಜೊತೆ ಸೇರುವ ನೈಟ್ರೈಟ್ ಕಾರಣ. ಬಾಯಲ್ಲಿ ಕರಗುವ ಗುಣಕ್ಕೆ, ಗಡಸು ಕೊಲಾಜನ್ ನಿಧಾನದ ಶಾಖದಲ್ಲಿ ಜೆಲಟಿನ್ ಆಗಿ ಮಾರ್ಪಡುವುದು ಕಾರಣ. ಈ ವಿದ್ಯೆ ತುರ್ಕರ ಒಣಮಾಂಸವಾದ ಪಾಸ್ತಿರ್ಮಾದಿಂದ ರೊಮೇನಿಯಾಕ್ಕೆ, ಅಲ್ಲಿಂದ ಯಹೂದಿ ವಲಸೆಗಾರರೊಡನೆ ಇಲ್ಲಿಗೆ ಬಂತು. ರೊಮೇನಿಯಾದಲ್ಲಿ ಹೆಬ್ಬಾತಿನ ಮಾಂಸದಿಂದಲೂ ಮಾಡುತ್ತಿದ್ದ ಈ ಪದಾರ್ಥ, ಗೋಮಾಂಸ ಅಗ್ಗವಾಗಿದ್ದ ಅಮೆರಿಕದಲ್ಲಿ ದನದ ಹೊಟ್ಟೆಯ ಭಾಗದ ಕೊಬ್ಬುಳ್ಳ ಮಾಂಸಕ್ಕೆ ಒಗ್ಗಿಕೊಂಡಿತು.

ತಟ್ಟೆಯಲ್ಲಿ ಬಂದ ಸ್ಯಾಂಡ್‌ವಿಚ್ ನೋಡಲು ತೀರ ಸಾದಾ. ಜೀರಿಗೆಯನ್ನು ಹೋಲುವ ಕ್ಯಾರವೇ ಬೀಜ ಬೆರೆಸಿದ ರೈ ಬ್ರೆಡ್ಡಿನ ಎರಡು ಹೋಳುಗಳು, ಸಾಸಿವೆಯ ಲೇಪ, ನಡುವೆ ಮಾಂಸದ ರಾಶಿ. ಲೆಟ್ಯೂಸ್ ಇಲ್ಲ, ಟೊಮ್ಯಾಟೊ ಇಲ್ಲ. ಮೇಯನೇಸ್ ಕೇಳುವುದನ್ನು ಇಲ್ಲಿಯ ಹಳೆಯ ಗಿರಾಕಿಗಳು ಅಪಚಾರವೆಂದೇ ಎಣಿಸುತ್ತಾರೆ, ಮತ್ತು ಆ ವಿಷಯದಲ್ಲಿ ನಾನು ಅವರ ಪಕ್ಷ. ಮೊದಲ ತುತ್ತಿಗೆ ಮೆಣಸು ಮತ್ತು ಹೊಗೆ, ಅದರ ಬೆನ್ನಿಗೆ ಉಪ್ಪು, ಆಮೇಲೆ ಕೊಬ್ಬು ನಾಲಿಗೆಯನ್ನು ಆವರಿಸಿಕೊಳ್ಳುತ್ತದೆ. ಇನ್ನು ಸಾಕು ಅನಿಸುವ ಹೊತ್ತಿಗೆ ಸಾಸಿವೆಯ ಖಾರ ಮೂಗಿಗೇರಿ ಅದನ್ನು ಕತ್ತರಿಸುತ್ತದೆ. ಬ್ರೆಡ್ಡಿನ ಪಾತ್ರ ನೆಪಮಾತ್ರದ್ದೆಂದು ಮೊದಲು ತೋರಿತಾದರೂ, ಅದರ ಸಣ್ಣ ಹುಳಿ ಮತ್ತು ಕ್ಯಾರವೇಯ ಘಮ ಇಲ್ಲದಿದ್ದರೆ ನಾಲ್ಕನೆಯ ತುತ್ತಿಗೇ ಬಾಯಿ ಸೋಲುತ್ತಿತ್ತು. ಜೊತೆಗೆ ಕೊಡುವ ಸೌತೆ ಉಪ್ಪಿನಕಾಯಿಯಲ್ಲಿ ಎರಡು ಬಗೆಗಳಿವೆ: ಪೂರ್ತಿ ಹುಳಿತದ್ದು, ಅರೆ ಹುಳಿತದ್ದು. ಉಪ್ಪುನೀರಿನಲ್ಲಿ ಕೆಲವೇ ದಿನ ಕಳೆದು ಇನ್ನೂ ಹಸಿರಾಗಿ ಕರುಂ ಎನ್ನುವ ಅರೆ ಹುಳಿಯದೇ ಈ ಮಾಂಸಕ್ಕೆ ಹೆಚ್ಚು ಒಪ್ಪುತ್ತದೆ.

ಹೋಲಿಕೆಗೆಂದು ಸ್ವಲ್ಪ ಕಾರ್ನ್ಡ್ ಬೀಫ್ ಕೂಡ ತರಿಸಿದ್ದೆವು. ಅದೂ ಉಪ್ಪುನೀರಿನಲ್ಲಿ ನೆನೆದದ್ದೇ, ಆದರೆ ಹೊಗೆಯಿಲ್ಲ, ಮಸಾಲೆಯ ಹೊದಿಕೆಯಿಲ್ಲ. ಸೌಮ್ಯವಾದ ರುಚಿ, ಪಾಸ್ಟ್ರಾಮಿಯ ಪಕ್ಕದಲ್ಲಿಟ್ಟರೆ ಸಪ್ಪೆ. ಅದಕ್ಕೆ ಸ್ವಿಸ್ ಚೀಸ್, ಸೌರ್‌ಕ್ರೌಟ್ (ಹುಳಿಸಿದ ಎಲೆಕೋಸು) ಸೇರಿಸಿ ಮಾಡುವ ರೂಬೆನ್ ಸ್ಯಾಂಡ್‌ವಿಚ್ ಕೂಡ ಕಾಟ್ಜ್‌ನಲ್ಲಿ ಸಿಗುತ್ತದೆ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಟ್ಟಿಗೆ ತಿನ್ನಬಾರದೆಂಬುದು ಯಹೂದಿ ಕೋಶರ್ ನಿಯಮವಾದ್ದರಿಂದ, ಈ ಅಂಗಡಿಯ ಅಡುಗೆ ಪರಂಪರೆಯಿಂದ ಯಹೂದಿಯದಾದರೂ ನಿಯಮದಿಂದ ಕೋಶರ್ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಾಂಸ ಮುಟ್ಟದ ನನ್ನ ಸಂಗಾತಿಗೆ ಆಲೂಗಡ್ಡೆ ತುಂಬಿದ ಕ್ನಿಶ್ ಮತ್ತು ಎಗ್ ಕ್ರೀಮ್ ದೊರೆತವು. ಈ ಎಗ್ ಕ್ರೀಮ್ ಹಾಲು, ಸೋಡಾ ನೀರು, ಚಾಕೊಲೇಟ್ ಪಾಕಗಳಷ್ಟೇ ಸೇರಿದ ಪಾನೀಯ. ಮೊಟ್ಟೆಯ ಭಯದಿಂದ ಯಾರೂ ಹಿಂಜರಿಯಬೇಕಿಲ್ಲ.

ಊಟ ಮುಗಿದ ಮೇಲೆ ಆರ್ಚರ್ಡ್ ಬೀದಿಯ ಟೆನೆಮೆಂಟ್ ಮ್ಯೂಸಿಯಮ್ಮಿಗೆ, ಅಂದರೆ ವಲಸೆಗಾರರ ಬಾಡಿಗೆ ವಠಾರಗಳ ಬದುಕನ್ನು ತೋರಿಸುವ ಸಂಗ್ರಹಾಲಯಕ್ಕೆ, ಹೋದೆವು. ಅಲ್ಲಿಯ 97ನೆಯ ಸಂಖ್ಯೆಯ ಕಟ್ಟಡ 1863ರದು. 1935ರವರೆಗೆ ಬಾಡಿಗೆದಾರರು ಅದರಲ್ಲಿ ವಾಸವಿದ್ದರು. ಸುಮಾರು 325 ಚದರ ಅಡಿಯ ಮನೆ, ಮೂರು ಕೋಣೆ, ಅಷ್ಟರಲ್ಲೇ ಇಡೀ ಸಂಸಾರ. ಕೆಲವು ಮನೆಗಳಲ್ಲಿ ಹೊಲಿಗೆಯ ಕಾರ್ಖಾನೆಯೂ ಅಲ್ಲೇ. ಒಬ್ಬರು ನಿಂತರೆ ಇನ್ನೊಬ್ಬರು ಸರಿಯಬೇಕಾದ ಆ ಅಡುಗೆಮನೆಯಲ್ಲಿ ಉಪ್ಪುನೀರಿನ ಪೀಪಾಯಿಗಾಗಲಿ, ಹೊಗೆಗೂಡಿಗಾಗಲಿ ಎಡೆಯೆಲ್ಲಿ? ವಾರಗಟ್ಟಲೆ ಹಣ್ಣಾಗಬೇಕಾದ ಮಾಂಸವನ್ನು ಆ ಮನೆಗಳವರು ಬೀದಿಯ ಅಂಗಡಿಯಿಂದಲೇ ತರಬೇಕಿತ್ತು.