ಹದಿನಾರು ಪೆನ್ನಿ ಮೊಳಿ ಅಂದ್ರ ಏನು?

ತೊಗರಿ ಚೀಲ ನೆಲಕ್ಕ ಇಟ್ರ ಥಂಡಿ ಹಿಡೀತದ ಅಂತ ಒಂದು ಕಟ್ಟಿಗಿ ಸ್ಟ್ಯಾಂಡ್ ಮಾಡೋಣಂತ ಯೂಟ್ಯೂಬ್‌ದಾಗ ಅಮೆರಿಕಾದವನೊಬ್ಬನ ವಿಡಿಯೋ ನೋಡ್ಲಾಕತ್ತಿದ್ದೆ, ಅಂವ ಮಾತಿಗೊಮ್ಮೆ ಸಿಕ್ಸ್‌ಟೀನ್ ಪೆನ್ನಿ ಮೊಳಿ ಅಂತಾನ, ಡಬ್ಬಿ ಮ್ಯಾಲ ನೋಡಿದ್ರ 16ಡಿ ಅಂತದ. ಪೆನ್ನಿಗಿ ಪಿ ಇರಬೇಕಲ್ಲ, ಈ ಡಿ ಎಲ್ಲಿಂದ ಬಂತು? ಎರಡು ರಾತ್ರಿ ಅದನ್ನೇ ಹುಡುಕ್ಕೋತ ಕುಂತೆ.

ಪೆನ್ನಿ ಅಂದ್ರ ಇಂಗ್ಲೆಂಡಿನ ಸಣ್ಣ ನಾಣ್ಯ, ಇಲ್ಲಿ ಅದು ಮೊಳಿ ರೇಟು. 15ನೇ ಶತಮಾನದಾಗ ಇಂಗ್ಲೆಂಡ್‌ದಾಗ ಮೊಳಿ ನೂರರ ಲೆಕ್ಕದಾಗ ಮಾರ್ತಿದ್ರು, ಕಮ್ಮಾರ ಒಂದೊಂದೇ ಕೈಲೆ ಬಡದು ಮಾಡೋದು, ದೊಡ್ಡ ಮೊಳಿಗಿ ಕಬ್ಬಿಣ ಭಾಳ ಕೆಲಸಾನೂ ಭಾಳ, ಹಂಗಾಗಿ ನೂರಕ್ಕ ಹತ್ತು ಪೆನ್ನಿ ಬಿದ್ರ ಅದು ಹತ್ತು ಪೆನ್ನಿ ಮೊಳಿ. ಮುಂದ ರೇಟು ಬದಲಾದ್ರೂ ಹೆಸರು ಸೈಜಿಗಿ ಅಂಟಿಕೊಂಡು ಉಳೀತು. ಡಿ ಅಂದ್ರ ರೋಮನ್ನರ ದೆನಾರಿಯಸ್ ನಾಣ್ಯ, ಇಂಗ್ಲಿಷರು 1971ರ ತನಕ ಪೆನ್ನಿಗಿ ಡಿ ಅಂತನೇ ಬರೀತಿದ್ರು. ಅದೇ ದೆನಾರಿಯಸ್‌ನಿಂದ ಅರಬರ ದಿನಾರ್ ಬಂದದ, ಗುಪ್ತರ ಶಾಸನದಾಗಿನ ಬಂಗಾರದ ದೀನಾರನೂ ಅದೇ ಶಬ್ದ, ಇದನ್ನ ಓದಿ ನನಗ ಎಷ್ಟು ಖುಷಿ ಆಯ್ತಂದ್ರ ಮಲಗಿದ್ದ ತಮ್ಮನ್ನ ಎಬ್ಬಿಸಿ ಹೇಳೀನಿ.

ಈಗ 2ಡಿ ಅಂದ್ರ 1 ಇಂಚು, ಮುಂದ ಒಂದು ಪೆನ್ನಿಗಿ ಕಾಲು ಇಂಚು ಏರ್ತದ, 10ಡಿ ಬಂದ್ರ 3 ಇಂಚು. ಅಲ್ಲಿಂದ ಲೆಕ್ಕ ಬ್ಯಾರೆ, 16ಡಿ ಮೂರೂವರೆ, 20ಡಿ 4, 60ಡಿ 6 ಇಂಚು.

ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಹಾರ್ಡ್‌ವೇರ್ ಅಂಗಡ್ಯಾಗ ಪೆನ್ನಿ ಯಾರೂ ಕೇಳಲ್ಲ, ಎಷ್ಟು ಇಂಚು ಎಷ್ಟು ಕಿಲೋ ಅಷ್ಟೇ. ನಮ್ಮ ಓಣಿ ಬಡಿಗ ಕಾಕಾಗ 8ಡಿ ಮೊಳಿ ತೋರಿಸಿದ್ರ ಎರಡು ಇಂಚು ನಾಕು ಸೂತ್ ಅಂದ್ರು, ಇಂಚಿಗಿ 8 ಸೂತ್, ಸೂತ್ ಅಂದ್ರ ದಾರ.

ರೊಕ್ಕದ ಹೆಸರು ಅಳತಿ ಆಗೋದು ನಮ್ಮಲ್ಲೂ ಅದ ಅಂತ ಹೊಳದಿದ್ದು ಅಪ್ಪ ಹೊಲದಿಂದ ಬಂದಾಗ. 1957ರಾಗ ನಯಾ ಪೈಸೆ ಬಂದು ಆಣೆ ಹೋಯ್ತು, ಆದ್ರ ಪೂರಾ ಬೆಳಿ ಅಂದ್ರ ಇವತ್ತಿಗೂ ಹದಿನಾರಾಣೆ, ಅರ್ಧ ಅಂದ್ರ ಎಂಟಾಣೆ. ನಾನು ಆಣೆ ನೋಡೇ ಇಲ್ಲ, ಆದ್ರೂ ಅಪ್ಪ ಅಂದ ಕೂಡ್ಲೇ ತಿಳೀತದ. ಈ ಸಲ ತೊಗರಿ ಬಾರಾಣೆ, ಅಂದ್ರ ಮುಕ್ಕಾಲು ಬೆಳಿ, ಬರ್ತದ ಅಂದಾರ, ಚೀಲ ಜಾಸ್ತಿ ಆಗ್ತಾವ, ಅದಕ್ಕ ಮೂರೂವರೆ ಇಂಚಿನ ಮೊಳಿನೇ ಒಂದು ಕಿಲೋ ತಂದೀನಿ.