ಹಾರುವ ಮೊದಲೇ ಇಳಿಯುವ ಹೊತ್ತು ಗೊತ್ತುಮಾಡಿಕೊಳ್ಳಿ

ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ವಿಂಗ್ ಎಂಬ ಬಟ್ಟೆಯ ರೆಕ್ಕೆಗೆ ಜೋತು ಹಾರುವ ಸಾಧನ) ಹಾರಿಸುವವರಿಗೆ ಮೊದಲ ಮೋಸ ಮಾಡುವುದು ಚಳಿಗಾಲದ ಬೆಳಗು. ರಾತ್ರಿಯೆಲ್ಲ ತಣಿದ ನೆಲ ತನ್ನ ಮೇಲಿನ ಗಾಳಿಯನ್ನೂ ತಣಿಸಿ ಭಾರ ಮಾಡಿರುತ್ತದೆ. ಆ ತಂಪು ಪದರ ಮುಚ್ಚಳದಂತೆ ಕೂತಿರುವಷ್ಟು ಹೊತ್ತು ಕೆಳಗೆ ಎಲೆಯೂ ಅಲುಗುವುದಿಲ್ಲ. ಆದರೆ 200–300 ಮೀಟರ್ ಮೇಲೆ ಗಂಟೆಗೆ 30–40 ಕಿ.ಮೀ. ವೇಗದ ಗಾಳಿ ಓಡುತ್ತಿರಬಹುದು. ಬಿಸಿಲೇರಿ ಮುಚ್ಚಳ ಒಡೆದಾಗ, ಸಾಮಾನ್ಯವಾಗಿ ಎಂಟೂವರೆ–ಒಂಬತ್ತೂವರೆಯ ನಡುವೆ, ಮೇಲಿನ ಗಾಳಿ ಕಲಸಿಕೊಂಡು ನೆಲಕ್ಕೆ ಇಳಿಯುತ್ತದೆ. ಹತ್ತೇ ನಿಮಿಷದಲ್ಲಿ ಬೇರೆಯದೇ ದಿನ.

ಇದನ್ನು ಮೊದಲೇ ತಿಳಿಯಲು ನಮ್ಮ ಕಡೆ ಆ್ಯಪ್‌ಗಿಂತ ಒಳ್ಳೆಯ ಸಾಧನವಿದೆ, ಸಕ್ಕರೆ ಕಾರ್ಖಾನೆಯ ಚಿಮಣಿ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಹೊಗೆ ನೆಟ್ಟಗೆ ಏರಿ, ಒಂದು ಎತ್ತರದಲ್ಲಿ ಥಟ್ಟನೆ ಮಲಗಿ ಉದ್ದಕ್ಕೆ ಎಳೆದುಕೊಂಡು ಹೋಗುತ್ತಿದ್ದರೆ, ಗಾಳಿ ಅಲ್ಲಿಂದಲೇ ಶುರು. ಹಂಗಾಮು ಮುಗಿದ ಮೇಲೆ ಗಾಳಿಯಂತ್ರ ನೋಡಿ. ರೆಕ್ಕೆ ತಿರುಗಲು ಗಂಟೆಗೆ ಸುಮಾರು 12 ಕಿ.ಮೀ. ವೇಗದ ಗಾಳಿ ಬೇಕು, ಅದರ ಮುಖ ಇರುವ ಕಡೆಯಿಂದ ಗಾಳಿ ಬರುತ್ತಿರುತ್ತದೆ. ದೂರದಿಂದ ನೋಡಿ ತಿಳಿದುಕೊಳ್ಳಿ ಅಷ್ಟೇ. ಅದರ ಬೆನ್ನ ಹಿಂದೆ ನೂರಾರು ಮೀಟರ್‌ವರೆಗೆ ಕದಡಿದ ಗಾಳಿ ಇರುತ್ತದೆ, ಅಲ್ಲಿ ವಿಂಗ್ ಒಯ್ಯಬೇಡಿ.

ಆದ್ದರಿಂದ ಎಂಜಿನ್ ಚಾಲೂ ಮಾಡುವ ಮೊದಲೇ ಇಳಿಯುವ ಸಮಯ ಗೊತ್ತಾಗಿರಬೇಕು. ಜನವರಿಯಲ್ಲಿ ಎಂಟೂವರೆ, ಏಪ್ರಿಲ್‌ನಲ್ಲಿ ಎಂಟರ ಒಳಗೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿ ಬೆನ್ನಿಗಿಟ್ಟುಕೊಂಡು ವಾಪಸ್ ಬನ್ನಿ. ಸಾಮಾನ್ಯ ವಿಂಗ್ ಗಂಟೆಗೆ 38–40 ಕಿ.ಮೀ. ಹೋಗುತ್ತದೆ. 30 ಕಿ.ಮೀ. ಎದುರುಗಾಳಿಯಲ್ಲಿ ನೆಲದ ಲೆಕ್ಕಕ್ಕೆ ಉಳಿಯುವುದು ಹತ್ತೇ. ತಾಸಿಗೆ 4 ಲೀಟರ್ ಕುಡಿಯುವ ಎಂಜಿನ್‌ನಲ್ಲಿ 6 ಲೀಟರ್ ಇದ್ದರೆ ಒಂದೂವರೆ ತಾಸು. ಅದರಲ್ಲಿ ಕಡೆಯ ಅರ್ಧ ತಾಸು ನಿಮ್ಮದಲ್ಲ ಎಂದೇ ಇಟ್ಟುಕೊಳ್ಳಿ.

ಬಿಸಿಲೇರಿದ ಮೇಲೆ ನೆಲವೇ ಗಾಳಿಯನ್ನು ಹುಟ್ಟಿಸುತ್ತದೆ. ಗಳೆ ಹೊಡೆದ ಎರೆ ಹೊಲ ಬೇಗ ಕಾಯುತ್ತದೆ, ಪಕ್ಕದ ನೀರುಂಡ ಕಬ್ಬು ತಂಪಾಗಿರುತ್ತದೆ. ಇವೆರಡರ ಗಡಿಯಲ್ಲಿ ಥರ್ಮಲ್, ಅಂದರೆ ಮೇಲೇರುವ ಬಿಸಿಗಾಳಿ, ಕಳಚಿಕೊಂಡು ಏಳುತ್ತದೆ. ಇಳಿಯುವಾಗ ಆ ಗಡಿ ದಾಟುವ ಹಾದಿ ಹಿಡಿಯಬೇಡಿ. ರವದಿಗೆ (ಕಬ್ಬಿನ ಒಣಗರಿಗೆ) ಬೆಂಕಿ ಹಚ್ಚಿದ ಹೊಲದಿಂದಂತೂ ದೂರವಿರಿ. ಹೊಲದಲ್ಲಿ ಧೂಳಿನ ಸುಳಿಗಾಳಿ ಒಂದೇ ಒಂದು ಕಂಡರೂ ಅವತ್ತಿನ ಹಾರಾಟ ಮುಗಿಯಿತು. ಕಾಣುವ ಒಂದರ ಜೊತೆಗೆ ಧೂಳಿಲ್ಲದೆ ಕಾಣದಂತೆ ಸುತ್ತುವವೂ ಇರುತ್ತವೆ.

ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ ತಪ್ಪುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ 40 ಡಿಗ್ರಿ ಬಿಸಿಲಿದ್ದರೆ ಗಾಳಿಯ ಸಾಂದ್ರತೆ ಘನಮೀಟರ್‌ಗೆ 1.05 ಕಿಲೋಗೆ ಇಳಿಯುತ್ತದೆ (ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ 1.225). ವಿಂಗ್ ಎತ್ತಲು ಶೇ. 8ರಷ್ಟು ಹೆಚ್ಚು ವೇಗ ಬೇಕು, ಎಂಜಿನ್ನಿನ ಬಲವೂ ಕುಗ್ಗಿರುತ್ತದೆ. ಡಿಸೆಂಬರ್‌ನಲ್ಲಿ ಸಾಕಾದ ಓಟ ಸಾಲದೆ, ಜನ ಥ್ರಾಟಲ್ (ಎಂಜಿನ್ ವೇಗದ ಹಿಡಿ) ಪೂರ್ತಿ ಒತ್ತಿ, ಬ್ರೇಕ್ (ವಿಂಗಿನ ಹಿಂಬದಿ ಅಂಚನ್ನು ಕೆಳಗೆಳೆಯುವ ದಾರ) ಎಳೆದು ಹಿಡಿದು ಏರಲು ನೋಡುತ್ತಾರೆ. ಎಂಜಿನ್ ದೇಹವನ್ನು ಮುಂದಕ್ಕೆ ತಳ್ಳುತ್ತದೆ, ವಿಂಗ್ ಹಿಂದೆ ಉಳಿಯುತ್ತದೆ, ಬ್ರೇಕ್ ಅದನ್ನು ಇನ್ನೂ ಹಿಂದಕ್ಕೆಳೆಯುತ್ತದೆ, ಸ್ಟಾಲ್: ವಿಂಗ್ ಎತ್ತುವ ಬಲ ಕಳೆದುಕೊಳ್ಳುತ್ತದೆ. ಏರುವಾಗ ಬ್ರೇಕ್ ಸಡಿಲಿಸಿ ಕೈ ಮೇಲಿರಲಿ.

ರಿಫ್ಲೆಕ್ಸ್ ವಿಂಗ್ (ವೇಗದಲ್ಲೂ ಸ್ಥಿರವಾಗಿರಲು ಹಿಂಬದಿ ಅಂಚು ಮೇಲಕ್ಕೆ ಬಾಗಿದ ವಿಂಗ್) ಇದ್ದವರಿಗೆ ಒಂದು ಮಾತು. ಟ್ರಿಮ್ಮರ್ (ವಿಂಗಿನ ವೇಗ ಹೊಂದಿಸುವ ಪಟ್ಟಿ) ಬಿಟ್ಟು ವೇಗದಲ್ಲಿರುವಾಗ ಗಾಳಿ ಅಲುಗಾಡಿಸಿತೆಂದು ಬ್ರೇಕ್ ಹಿಡಿಯಬೇಡಿ. ರಿಫ್ಲೆಕ್ಸಿನ ಸ್ಥಿರತೆ ಅಲ್ಲೇ ಕೆಡುತ್ತದೆ, ವಿಂಗಿನ ಮೂಗು ಒಳಕ್ಕೆ ಮಡಚಬಹುದು. ತುದಿಯ ಸ್ಟೀರಿಂಗ್ ಹಿಡಿಗಳಿಂದಲೇ ತಿರುಗಿಸಿ. ಒಂದು ಕಡೆ ವಿಂಗ್ ಮಡಚಿಕೊಂಡರೆ (ಕೊಲ್ಯಾಪ್ಸ್ ಆದರೆ) ಥ್ರಾಟಲ್ ಬಿಟ್ಟು, ತೆರೆದ ಕಡೆಗೆ ದೇಹದ ಭಾರ ಹಾಕಿ ದಿಕ್ಕು ಕಾಯಿರಿ, ಆಮೇಲೆ ಮಡಚಿದ ಕಡೆಯ ಬ್ರೇಕನ್ನು ಒಮ್ಮೆ ಆಳವಾಗಿ ಎಳೆದು ಬಿಡಿ. ತಿರುಗು ಜೋರಾಗುತ್ತಾ ಎತ್ತರ 100 ಮೀಟರ್‌ನತ್ತ ಇಳಿಯುತ್ತಿದ್ದರೆ ವಿಂಗ್ ಜೊತೆ ಗುದ್ದಾಟ ಬೇಡ. ಎಂಜಿನ್ ಬಂದ್, ರಿಸರ್ವಿನ (ತುರ್ತು ಪ್ಯಾರಾಶೂಟಿನ) ಹಿಡಿಕೆ ನೋಡಿ ಎಳೆಯುವುದು, ಖಾಲಿ ಇರುವ ಕಡೆಗೆ ಬೀಸಿ ಎಸೆಯುವುದು. ಎಂಜಿನ್ ಆರಿಸದಿದ್ದರೆ ರಿಸರ್ವಿನ ದಾರ ಪ್ರೊಪೆಲರ್‌ಗೆ ಸುತ್ತುತ್ತದೆ. ರಿಸರ್ವನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಮಡಚಿಸಿ.

ಆಲಮಟ್ಟಿ ಹಿನ್ನೀರಿನ ಮೇಲೆ ಎಂಜಿನ್ ನಿಂತರೆ ದಡ ಮುಟ್ಟುವಷ್ಟು ಎತ್ತರವಿಲ್ಲದೆ ಹೋಗಲೇಬೇಡಿ. 100 ಮೀಟರ್ ಎತ್ತರಕ್ಕೆ ಗಾಳಿಯಿಲ್ಲದಾಗ ಸುಮಾರು 600–700 ಮೀಟರ್ ಜಾರುತ್ತೀರಿ, ಜೋರು ಎದುರುಗಾಳಿಯಿದ್ದರೆ ಅರ್ಧವೂ ಇಲ್ಲ. ಮೋಟರ್ ಕಟ್ಟಿಕೊಂಡು ನೀರಿಗೆ ಬಿದ್ದವರಿಗೆ ಬಕಲ್ ಬಿಚ್ಚುವಷ್ಟೂ ಪುರಸೊತ್ತಿರುವುದಿಲ್ಲ. ಬೇಸಿಗೆಯಲ್ಲಿ ನೀರು ಸರಿದು ಬಿರುಕು ಬಿಟ್ಟ ಬಯಲು ಆಡುವ ಮೈದಾನದಂತೆ ಕಾಣುತ್ತದೆ, ಕೆಳಗೆ ಹೂಳಿರಬಹುದು. ಬೆಳಗಾವಿ ಕಡೆಯವರಿಗೆ ಗಾಳಿಗಿಂತ ಮೊದಲು ಸಾಂಬ್ರಾ: ವಿಮಾನ ನಿಲ್ದಾಣ, ವಾಯುಪಡೆಯ ಕೇಂದ್ರ ಎರಡೂ ಇರುವ ಜಾಗ, ಅನುಮತಿ ಇಲ್ಲದೆ ಹತ್ತಿರ ಸುಳಿಯುವಂತಿಲ್ಲ.

ಎಲ್ಲಕ್ಕಿಂತ ಅಪಾಯ ಭರಣಿ, ಕೃತ್ತಿಕೆಯ ಹೊತ್ತಿನ ಅಡ್ಡಮಳೆ. ಮೋಡ 20 ಕಿ.ಮೀ. ಆಚೆ ಇದ್ದರೂ ಅದರಿಂದ ಸುರಿದ ತಣ್ಣನೆ ಗಾಳಿ ನೆಲ ಹಿಡಿದು ಗಂಟೆಗೆ 60 ಕಿ.ಮೀ. ದಾಟಿದ ವೇಗದಲ್ಲಿ ನುಗ್ಗಬಹುದು, ಅಷ್ಟು ವೇಗ ಯಾವ ಸಾಮಾನ್ಯ ವಿಂಗಿಗೂ ಇಲ್ಲ. ಮೊದಲು ಗಾಳಿ ಮೋಡದ ಕಡೆಗೇ ಎಳೆಯುತ್ತದೆ, ನಂತರ ಸ್ವಲ್ಪ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಎದುರು ದಿಕ್ಕಿನಿಂದ ಧೂಳಿನ ಗೋಡೆ. ಆ ಮಧ್ಯದ ಮೌನವನ್ನು ಇಳಿಯಲು ಬಳಸಿಕೊಳ್ಳಿ, ಇನ್ನೊಂದು ಸುತ್ತು ಹೊಡೆಯಲು ಅಲ್ಲ. ಸಿಕ್ಕಿಹಾಕಿಕೊಂಡರೆ ಗಾಳಿಗೆ ಮುಖ ಮಾಡಿಯೇ ಇರಿ. ಹಿಂದಕ್ಕೆ ಸರಿಯುತ್ತಿದ್ದರೆ ಕತ್ತು ಮಾತ್ರ ತಿರುಗಿಸಿ ಬೆನ್ನ ಹಿಂದಿನ ವಿದ್ಯುತ್ ಕಂಬ ನೋಡಿಕೊಳ್ಳಿ, ತಂತಿ ಕಾಣುವುದಿಲ್ಲ, ಕಂಬದ ಸಾಲು ಕಾಣುತ್ತದೆ. ನೆಲ ಮುಟ್ಟುವ ಮೊದಲೇ ಎಂಜಿನ್ ಆರಿಸಿ, ಮುಟ್ಟಿದ ತಕ್ಷಣ ವಿಂಗ್‌ಗೆ ಮುಖ ತಿರುಗಿಸಿ ಹಿಂದಿನ ರೈಸರ್ (ವಿಂಗಿನ ದಾರಗಳು ಸೇರುವ ಪಟ್ಟಿ) ಎಳೆದು, ವಿಂಗ್ ಕಡೆಗೇ ಓಡಿ. ಆದರೂ ಎಳೆದೊಯ್ದರೆ ಒಂದೇ ಕಡೆಯ ಬ್ರೇಕ್ ದಾರವನ್ನು ಕೈಯಿಂದ ಕೈಗೆ ಒಳಕ್ಕೆಳೆಯುತ್ತಾ ಹೋಗಿ, ವಿಂಗ್ ಬಟ್ಟೆ ಕೈಗೆ ಸಿಗುವ ತನಕ. ಆಮೇಲೆ ಹೊಲದ ಒಂಟಿ ಬೇವಿನ ಮರದ ಕೆಳಗೆ ನಿಲ್ಲದೆ, ಎಂಜಿನ್ ಬಿಚ್ಚಿಟ್ಟು ಅದರಿಂದಲೂ ದೂರ ನಡೆಯಿರಿ. ಸಿಡಿಲು ಇನ್ನೂ ಬಾಕಿ ಇರುತ್ತದೆ.